ಜವಳು ಪದಪಟ್ಟಿ: ಮಾತಿನ ಜೊತೆ ಮಣ್ಣಿನ ಅಳತೆ

ದಾವಣಗೆರೆ ಸೀಮೆಯಲ್ಲಿ ತೇವದ ನೆಲಕ್ಕೆ ಜನ ಬಳಸುವ ಮಾತುಗಳ ಪಟ್ಟಿ ಎರಡನೇ ಹಂತಕ್ಕೆ ಬಂದಿದೆ. ಇನ್ನು ಮೇಲೆ ಪ್ರತಿ ನಮೂದಿಗೂ ನಾಲ್ಕು ಅಂಕಣ: ಪದ, ಅದನ್ನು ಆಡಿದ ಪೂರ್ತಿ ವಾಕ್ಯ, ನೆಲ ಇರುವ ಜಾಗ, ಆ ನೆಲದ ಅಳತೆ. ಬರೀ ಪದ ಮತ್ತು ಅರ್ಥ ಬರೆದರೆ ಸಾಲದು. ‘ಹೊಲ ಜವಳು ಹತ್ತೈತಿ’ ಅಂತ ಒಬ್ಬರು ಹೇಳಿದಾಗ ಬೇರಿನ ಬುಡಕ್ಕೆ ನೀರು ಬಂದಿರುತ್ತದೆ. ಪಕ್ಕದ ಹೊಲದವರು ಅದೇ ಮಾತು ಹೇಳಿದಾಗ ನೆಲದ ಮೇಲೆ ಬೆಳ್ಳಗೆ ಉಪ್ಪು ಕಟ್ಟಿರುತ್ತದೆ. ಎರಡಕ್ಕೂ ಮದ್ದು ಬೇರೆ.

ಭದ್ರಾ ಬಲದಂಡೆ ನಾಲೆಯ ಅಚ್ಚುಕಟ್ಟಿನಲ್ಲಿ ಈ ಮಾತುಗಳು ದಿನನಿತ್ಯ ಕಿವಿಗೆ ಬೀಳುತ್ತವೆ. ಎರೆ ಭೂಮಿ, ಎರಡು ಬೆಳೆ ಭತ್ತ, ಹೂಳು ತುಂಬಿದ ಬಸಿಗಾಲುವೆ ಮೂರೂ ಕೂಡಿದ ಕಡೆ ನೀರು ಕೆಳಗೂ ಇಳಿಯದು, ಪಕ್ಕಕ್ಕೂ ಹೋಗದು. ಜವಳು, ಜೌಳು, ಜೌಗು ಇವು ನೀರು ನಿಂತ ನೆಲದ ಮಾತುಗಳು. ಸವಳು, ಚೌಳು ಉಪ್ಪಿನವು. ಸರ್ಕಾರಿ ಕಡತದಲ್ಲಿ ‘ಸವಳು-ಜವಳು’ ಎಂದು ಜೋಡಿಯಾಗಿಯೇ ಬರುವುದರಿಂದ ಎರಡೂ ಒಂದೇ ಅನ್ನಿಸಿಬಿಡುತ್ತದೆ. ಆಡುಮಾತು ಇನ್ನೂ ಬಿಡಿಸಿ ಹೇಳುತ್ತದೆ: ‘ಸವಳು ನೀರಿಗೆ ಬ್ಯಾಳಿ ಬೇಯಂಗಿಲ್ಲ’, ‘ಗ್ವಾಡಿ ಚೌಳು ಹಿಡದೈತಿ’. ಬೇಳೆಯ ಮಾತಿಗೆ ಕಾರಣ ನೀರಿನ ಗಡಸುತನ; ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಗೋಡೆಯ ಮಾತು, ತೇವದ ಜೊತೆ ಮೇಲೇರಿ ಒಣಗಿ ಉದುರುವ ಉಪ್ಪಿನದು. ಇವೆರಡನ್ನೂ ಪಟ್ಟಿಯಲ್ಲಿ ಉಳಿಸಿಕೊಂಡಿದ್ದೇವೆ, ಅಳತೆಯ ಅಂಕಣ ಮಾತ್ರ ಖಾಲಿ.

ಧ್ವನಿಮುದ್ರಣ ಬರೆದುಕೊಳ್ಳುವವರಿಗೆ ಒಂದು ಎಚ್ಚರಿಕೆ. ಕಂಪ್ಯೂಟರಿನಲ್ಲಿ ‘ಜವಳ’ ಎಂದು ಹುಡುಕಿದರೆ ಮಗುವಿನ ಮೊದಲ ಕೂದಲು ತೆಗೆಸುವ ಜವಳವೂ ಬರುತ್ತದೆ. ‘ಜವಳಿ’ ಎಂದರಂತೂ ದಾವಣಗೆರೆಯಲ್ಲಿ ಬಟ್ಟೆಯ ವ್ಯಾಪಾರವೇ. ‘ಜವಳಿಗೆ’ ಎಂಬ ರೂಪ ಎರಡು ಕಡೆಗೂ ಸಲ್ಲುವುದರಿಂದ ವಾಕ್ಯ ಓದದೆ ಎಣಿಕೆಗೆ ಸೇರಿಸಬೇಡಿ.

ನೀರಿನ ಮಟ್ಟದ ಅಳತೆ. ಭಾರತದಲ್ಲಿ ಬಳಕೆಯಲ್ಲಿರುವ 1991ರ ಮಾನದಂಡದ ಪ್ರಕಾರ ಅಂತರ್ಜಲ 2 ಮೀಟರ್ ಒಳಗಿದ್ದರೆ ನೆಲ ಜವಳು. 2ರಿಂದ 3 ಮೀಟರ್ ಇದ್ದರೆ ಜವಳಾಗುವ ಸಾಧ್ಯತೆ ಇದೆ. ಇದನ್ನು ಅಳೆಯಲು ಬೇಕಾದದ್ದು 50 ಮಿ.ಮೀ. ಪಿವಿಸಿ ಪೈಪು, ಉದ್ದ ಎರಡೂಕಾಲು ಮೀಟರ್. ತಳದ 1 ಮೀಟರಿಗೆ 4–5 ಮಿ.ಮೀ. ತೂತು ಕೊರೆದು, ನೈಲಾನ್ ಬಲೆ ಎರಡು ಸುತ್ತು ಸುತ್ತಿ, ತಳಕ್ಕೆ ಮುಚ್ಚಳ ಹಾಕಿ. ಸುಮಾರು 100 ಮಿ.ಮೀ. ಅಗಲದ ಕೈ ಬೈರಿಗೆಯಿಂದ 2 ಮೀಟರ್ ಗುಂಡಿ ತೋಡಿ ಪೈಪು ಇಳಿಸಿ. ತೂತುಗಳು ಮುಗಿಯುವವರೆಗೆ ಸುತ್ತಲೂ ಸಣ್ಣ ಜಲ್ಲಿ, ಅದರ ಮೇಲೆ ತೋಡಿದ ಮಣ್ಣು, ನೆಲಮಟ್ಟದ ಕಡೆಯ 30 ಸೆಂ.ಮೀ. ಒದ್ದೆ ಜೇಡಿ ತುಂಬಿ ಬಲವಾಗಿ ತುಳಿಯಿರಿ. ಈ ಜೇಡಿ ಸಡಿಲವಾದರೆ ಗದ್ದೆಯ ನೀರು ಪೈಪಿನ ಪಕ್ಕದಲ್ಲೇ ಜಾರಿ ಒಳಸೇರಿ, ಇಲ್ಲದ ಜವಳನ್ನು ತೋರಿಸುತ್ತದೆ.

ಎರೆಯಲ್ಲಿ ಇದಕ್ಕೆ ತದ್ವಿರುದ್ಧ ತೊಂದರೆಯೂ ಉಂಟು. ಬೈರಿಗೆ ತಿರುಗುವಾಗ ಗುಂಡಿಯ ಗೋಡೆಗೆ ಜೇಡಿ ಮೆತ್ತಿಕೊಂಡು ನೀರು ಒಸರುವುದು ತಡವಾಗುತ್ತದೆ. ಅಂದೇ ಅಳೆದರೆ ಪೈಪು ಒಣಗಿಯೇ ಕಾಣುತ್ತದೆ. ಬೆನ್ನುಬೆನ್ನಿಗೆ ಎರಡು ದಿನದ ಅಳತೆ ಸರಿಹೊಂದುವವರೆಗೆ ಕಾದು, ಆಮೇಲೆ ದಾಖಲಿಸಿ. ನೆಲದಿಂದ ಮೇಲೆ ಚಾಚಿದ ಪೈಪಿನ ಉದ್ದ ಕಳೆಯಲು ಮರೆಯಬೇಡಿ. ನಾಲೆಗೆ ನೀರು ಬಿಡುವ ಮುಂಚೆ ಒಂದು ಅಳತೆ, ಬೆಳೆ ನಡುವೆ ಒಂದು, ನೀರು ನಿಲ್ಲಿಸಿದ ಮೇಲೆ ಒಂದು. ಮೂರರಲ್ಲೂ ನೀರು ಮೇಲೆಯೇ ಇದ್ದರೆ ಅದು ಖಾಯಂ ಜವಳು. ನಡುವೆ ಮಾತ್ರ ಏರಿದರೆ ನಾಲೆಯ ಸೋರಿಕೆ ಅಥವಾ ಮೇಲಿನ ಗದ್ದೆಗಳ ಬಸಿನೀರನ್ನು ಮೊದಲು ನೋಡಬೇಕು.

ಉಪ್ಪಿನ ಅಳತೆ. ಮಣ್ಣನ್ನು 0–15, 15–30, 30–60 ಸೆಂ.ಮೀ. ಆಳದಿಂದ ಬೇರೆಬೇರೆ ತೆಗೆಯಿರಿ. ಮೇಲಿನ ಬಿಳಿ ಪೊರೆಯನ್ನಷ್ಟೇ ಕೆರೆದು ತಂದರೆ ಯಾವ ಹೊಲವಾದರೂ ಚೌಳಾಗಿ ಕಾಣುತ್ತದೆ. ನೀರು ಹಾಯಿಸಿದ ಮಾರನೇ ದಿನವೂ ತೆಗೆಯಬೇಡಿ, ಉಪ್ಪು ಆಗ ಕೆಳಗಿಳಿದಿರುತ್ತದೆ. ನೆರಳಲ್ಲಿ ಒಣಗಿಸಿದ 20 ಗ್ರಾಂ ಮಣ್ಣಿಗೆ 50 ಮಿ.ಲೀ. ಭಟ್ಟಿ ನೀರು (ಡಿಸ್ಟಿಲ್ಡ್ ವಾಟರ್) ಸೇರಿಸಿ ಅರ್ಧ ಗಂಟೆ ಆಗಾಗ ಕಲಕಿ, ರಸಸಾರ (ಪಿಎಚ್) ನೋಡಿ. ತಿಳಿಯಾದ ಮೇಲೆ ವಿದ್ಯುತ್ ವಾಹಕತೆ ನೋಡಿ; ಕರಗಿದ ಉಪ್ಪು ಹೆಚ್ಚಿದಷ್ಟೂ ಅದು ಏರುತ್ತದೆ. ಕ್ಯಾನ್ ನೀರು ಬೇಡ, ಅದರಲ್ಲೂ ಲವಣ ಇರುತ್ತದೆ.

ಪುಸ್ತಕದ ಮಿತಿಗಳು ಹೀಗಿವೆ: ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿ ರಸಸಾರ 8.5ಕ್ಕಿಂತ ಕಡಿಮೆ ಇದ್ದರೆ ಲವಣದ ಮಣ್ಣು. ವಾಹಕತೆ 4ರ ಒಳಗಿದ್ದು ರಸಸಾರ 8.5 ದಾಟಿ, ವಿನಿಮಯ ಸೋಡಿಯಂ (ಮಣ್ಣಿನ ಕಣಕ್ಕೆ ಅಂಟಿಕೊಂಡ ಸೋಡಿಯಂ) ಶೇ. 15 ಮೀರಿದ್ದರೆ ಕ್ಷಾರ ಮಣ್ಣು. ಆದರೆ ಆ 4 ಎಂಬುದು ಮಣ್ಣಿನ ಸಂತೃಪ್ತ ರಸಕ್ಕೆ, ಅಂದರೆ ಮಣ್ಣು ಹೀರುವಷ್ಟೇ ನೀರು ಹಾಕಿ ಕಲಸಿ ಅದರಿಂದ ತೆಗೆದ ರಸಕ್ಕೆ, ಸಲ್ಲುವ ಅಂಕಿ. ಎರಡೂವರೆ ಪಟ್ಟು ನೀರು ಬೆರೆಸಿ ಅಳೆದಾಗ ಸಿಗುವುದು ಅದಕ್ಕಿಂತ ಕಡಿಮೆ. ನೇರವಾಗಿ ಹೋಲಿಸಿ ‘ಉಪ್ಪಿಲ್ಲ’ ಎಂದು ಬರೆಯುವಂತಿಲ್ಲ. ಅನುಮಾನ ಬಂದ ಮಾದರಿ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಹೋಗಲಿ.

ಹೊಲದಲ್ಲೇ ಮಾಡಬಹುದಾದ ಒಂದು ಪರೀಕ್ಷೆ ನಮಗೆ ಬಹಳ ಉಪಯೋಗಕ್ಕೆ ಬಂದಿದೆ. ಗಾಜಿನ ಲೋಟದ ಭಟ್ಟಿ ನೀರಿಗೆ ಬಟಾಣಿ ಗಾತ್ರದ ಒಣ ಹೆಂಟೆ ಬಿಟ್ಟು, ಅಲುಗಿಸದೆ ಒಂದು ದಿನ ಇಡಿ. ಹೆಂಟೆಯ ಸುತ್ತ ಹಾಲಿನಂಥ ಮೋಡ ಹಬ್ಬಿದರೆ ಸೋಡಿಯಂ ಜಾಸ್ತಿ. ನೀರು ತಿಳಿಯಾಗಿಯೇ ಉಳಿದರೆ ಮಾತ್ರ ಅವಸರದ ತೀರ್ಮಾನ ಬೇಡ, ಉಪ್ಪು ಮತ್ತು ಸೋಡಿಯಂ ಎರಡೂ ಹೆಚ್ಚಿರುವ ಮಣ್ಣೂ ಚದುರದೆ ಕೂರುತ್ತದೆ.

ಈ ವಿಂಗಡಣೆಗೆ ಇಷ್ಟು ಒತ್ತು ಕೊಡಲು ಕಾರಣ ಜಿಪ್ಸಂ. ‘ಜವಳಿಗೆ ಜಿಪ್ಸಂ’ ಎಂಬ ಸಲಹೆ ಬಾಯಿಂದ ಬಾಯಿಗೆ ಓಡಾಡುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನ ಸೋಡಿಯಂ ಅನ್ನು ಬಿಡಿಸುತ್ತದೆ. ಬಿಟ್ಟುಬಂದ ಸೋಡಿಯಂ ನೀರಿನ ಜೊತೆ ಹೊಲದಾಚೆ ಹೋಗಬೇಕು. ಬಸಿಗಾಲುವೆ ಇಲ್ಲದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಬರೀ ನೀರು ನಿಂತ ಜವಳಿನಲ್ಲಿ, ಅಂಟಿಕೊಂಡ ಸೋಡಿಯಂ ಹೆಚ್ಚಿಲ್ಲದ ಸವಳಿನಲ್ಲಿ ಜಿಪ್ಸಂಗೆ ಕೆಲಸವೇ ಇಲ್ಲ. ರೈತರ ದುಡ್ಡು ಹೋಗುವುದು ಇಲ್ಲಿ.

ಕಾಗದದ ಪದಗಳಿಗೆ ಬೇರೆ ಹಾಳೆ ಮಾಡಿದ್ದೇವೆ. ಪಹಣಿಯ ‘ತರಿ’ ಎಂದರೆ ನೀರಾವರಿಯ ಗದ್ದೆ. ಖುಷ್ಕಿ (ಮಳೆಯಾಶ್ರಿತ ಹೊಲ), ಬಾಗಾಯ್ತು (ತೋಟ) ಇವುಗಳ ಜೊತೆಯದು. ಜೌಗಿಗೂ ಅದಕ್ಕೂ ಸಂಬಂಧವಿಲ್ಲ. ‘ತೇವಭೂಮಿ’, ‘ಜೌಗು ಪ್ರದೇಶ’ ಪರಿಸರ ಕಾನೂನಿನ ಭಾಷೆ. ತೇವಭೂಮಿಗಳ ರಕ್ಷಣೆಗೆ ದೇಶಗಳು ಮಾಡಿಕೊಂಡ 1971ರ ರಾಮ್ಸಾರ್ ಒಪ್ಪಂದದ ಲೆಕ್ಕದಲ್ಲಿ ಭತ್ತದ ಗದ್ದೆಯೂ ತೇವಭೂಮಿ. ನಮ್ಮ ದೇಶದ 2017ರ ತೇವಭೂಮಿ ನಿಯಮಗಳು ಗದ್ದೆಯನ್ನೂ ನೀರಾವರಿಗೆಂದೇ ಕಟ್ಟಿದ ರಚನೆಗಳನ್ನೂ ಹೊರಗಿಟ್ಟಿವೆ. ಹಾಗಾಗಿ ಕೆರೆಯ ಪರವಾಗಿ ಅರ್ಜಿ ಬರೆಯುವವರು ಯಾವ ವ್ಯಾಖ್ಯಾನ ಹಿಡಿದಿದ್ದೇವೆಂದು ಮೊದಲ ಸಾಲಿನಲ್ಲೇ ಹೇಳುವುದು ಒಳ್ಳೆಯದು.

ಬಾಕಿ ಇರುವುದು ಚಿತ್ರದುರ್ಗದ ಕಡೆ. ಮಳೆ ಕಡಿಮೆಯ ಆ ಭಾಗದಲ್ಲಿ ನೆಲದಿಂದ ಒಸರುವ ನೀರಿನ ಒರತೆ, ಊಟೆ, ತಲಪರಿಗೆ ಎಂಬ ಪದಗಳಿಗೆ ಬೇರೆಯೇ ಅಳತೆ ಬೇಕು. ಅಲ್ಲಿ ತೇವ ಎಂದರೆ ಕಾಪಾಡಿಕೊಳ್ಳುವ ಆಸ್ತಿ. ತಲಪರಿಗೆಗೆ ನೀರಿನ ಆಳಕ್ಕಿಂತ, ಎತ್ತಿದ ಮೇಲೆ ಮತ್ತೆ ಅದೇ ಮಟ್ಟಕ್ಕೆ ಬರಲು ಹಿಡಿಯುವ ಸಮಯ ಮುಖ್ಯ. ಅದಕ್ಕೆ ಗುರುತು ಕೊರೆದ ಕೋಲು ಮತ್ತು ಗಡಿಯಾರ ಸಾಕು. ವಾಣಿವಿಲಾಸ ಸಾಗರದ ಅಚ್ಚುಕಟ್ಟಿನಲ್ಲಿ, ಹಿರಿಯೂರಿನ ತೋಟಗಳ ಬಸಿಗಾಲುವೆಗಳ ಬದಿ ಮತ್ತೆ ಪೈಪು ಹೂಳಬೇಕು. ಜೊಂಡು, ಜೇಕು, ಆಪು ಬೆಳೆದ ಜಾಗಗಳ ಗಿಡದ ಹೆಸರುಗಳನ್ನೂ ಅದೇ ಹಾಳೆಗೆ ಸೇರಿಸಿಕೊಳ್ಳುತ್ತೇವೆ.