ದಾವಣಗೆರೆಯಲ್ಲಿ ಸಿಕ್ಕ ದುರ್ಗ

ಮಂಡಿಪೇಟೆ ಕಡೆ ಹೋದರೆ ಹಳೇ ಪುಸ್ತಕದ ರಾಶಿ ಮುಂದೆ ಒಂದು ಗಳಿಗೆ ಕೂರದೆ ಬರೋಕೆ ನನ್ನಿಂದ ಆಗಲ್ಲ. ಕಳೆದ ತಿಂಗಳು ಡಿಗ್ರಿ ಗೈಡುಗಳ ಅಡಿಯಲ್ಲಿ ತ.ರಾ.ಸು. ಅವರ ಕಾದಂಬರಿ 'ದುರ್ಗಾಸ್ತಮಾನ' ಸಿಕ್ಕಿತು. ಬೈಂಡು ಬಿಟ್ಟಿತ್ತು. ಯಾರೋ ಸಿಮೆಂಟ್ ಚೀಲದ ಕಾಗದ ಹಾಕಿ, ದಪ್ಪ ದಾರದಲ್ಲಿ ಹೊಲಿದಿದ್ದರು. ನೂರು ರೂಪಾಯಿ ಅಂದರು, ಚೌಕಾಸಿ ಮಾಡಲಿಲ್ಲ.

ಇದು ಬಂದಿದ್ದು 1982ರಲ್ಲಿ. 1984ರಲ್ಲಿ ತ.ರಾ.ಸು. ತೀರಿಕೊಂಡರು, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಆಮೇಲೆ, 1985ರಲ್ಲಿ. ಅವರು ಹುಟ್ಟಿದ್ದು ಇಲ್ಲೇ ಮಲೇಬೆನ್ನೂರಿನಲ್ಲಿ, ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕಿನದು.

ನಮ್ಮಜ್ಜಿಗೆ ಈಗ ಕಣ್ಣು ಮಂಜು. ಅವಳ ಹುಟ್ಟೂರು ದುರ್ಗದ ಹತ್ತಿರ, ಇವತ್ತಿಗೂ ಅವಳ ಬಾಯಲ್ಲಿ 'ಚಿತ್ರದುರ್ಗ' ಅಂತ ಬರಲ್ಲ, ದುರ್ಗ ಅಂದರೆ ದುರ್ಗ ಅಷ್ಟೇ. ಹಾಗಾಗಿ ರಾತ್ರಿ ಊಟ ಆದಮೇಲೆ ಗಟ್ಟಿಯಾಗಿ ಓದೋಕೆ ಶುರು ಮಾಡಿದೆ. ಮೀಸೆ ಮೂಡದ ವಯಸ್ಸಲ್ಲಿ ಪಟ್ಟಕ್ಕೆ ಬಂದ, ದುರ್ಗದ ಕೊನೆಯ ಪಾಳೆಯಗಾರ ಮದಕರಿ ನಾಯಕನನ್ನು ಅವಳು ಮೊದಲ ದಿನದಿಂದಲೇ 'ಆ ಹುಡುಗ' ಅಂದಳು. ಹೈದರಾಲಿಯ ದಂಡಯಾತ್ರೆಗೆ ಮದಕರಿ ತನ್ನ ಸೈನ್ಯ ಕೊಟ್ಟು ನೆರವಾದದ್ದನ್ನು ಓದುವಾಗ ನಡುವೆ ತಡೆದು, 'ಬೇಡ ಅನ್ನೋರು ಯಾರೂ ಇರಲಿಲ್ವಾ ಅವನಿಗೆ?' ಅಂತ ಕೇಳಿದಳು. ಯುದ್ಧದ ಭಾಗಗಳು ಉದ್ದ ಅಂತ ಕೆಲವರು ಹೇಳ್ತಾರೆ. ನನಗೆ ಹಾಗನ್ನಿಸಲಿಲ್ಲ.

ಕೋಟೆಯನ್ನು ಕಾಯ್ದದ್ದು ಬರೀ ಏಳು ಸುತ್ತಿನ ಕಲ್ಲಲ್ಲ, ನೀರು ಕೂಡ. ಮಳೆ ಕಡಿಮೆ ಇರೋ ಸೀಮೆ ಅದು. ಬೆಟ್ಟದ ಮೇಲೆ ಬಿದ್ದ ಹನಿಯನ್ನೂ ಬಿಡದೆ ಹಿಡಿದಿದ್ದಾರೆ, ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಜ್ಜಿ ಚಿಕ್ಕವಳಿದ್ದಾಗ ಅದನ್ನು ನೋಡಿದ್ದಳಂತೆ. ಆ ಒಂದು ರಾತ್ರಿ ಪುಸ್ತಕ ಮುಂದೆ ಹೋಗಲೇ ಇಲ್ಲ, ಪೂರ್ತಿ ಅವಳೇ ಮಾತಾಡಿದಳು.

1779ರಲ್ಲಿ ದುರ್ಗ ಅದೇ ಹೈದರಾಲಿಯ ಕೈಗೆ ಬಿತ್ತು. ಆದರೆ ದಾವಣಗೆರೆ ಬೆಳೆಯೋಕೆ ಶುರುವಾಗಿದ್ದೂ ಹೈದರನ ಕಾಲದಲ್ಲೇ! ಆಗ ಇದು ಸಣ್ಣ ಹಳ್ಳಿ. ಅವನು ಇದನ್ನು ಅಪ್ಪಾಜಿ ರಾಮ್ ಅನ್ನೋ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ, ಆತ ವ್ಯಾಪಾರಿಗಳನ್ನು ಕರೆದು ನೆಲೆ ಕೊಟ್ಟ. ನಾನು ಈ ಪುಸ್ತಕ ಕೊಂಡ ಪೇಟೆಗೂ ಬೇರು ಅಲ್ಲೇ ಇದೆ. ಇದು ತಲೆಗೆ ಹೊಳೆದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಯಾಕೆಂದರೆ ನಮ್ಮ ಮನೆಯದ್ದೂ ಅದೇ ಕಥೆ. ಅಜ್ಜಿಗೆ ತವರಿಂದ ಬಂದ ನಾಲ್ಕು ಎಕರೆ ಕೆಂಪು ನೆಲ ಇತ್ತು, ಶೇಂಗಾ ಬೆಳೆಯೋ ನೆಲ. ಅದನ್ನು ಮಾರಿ ಅಪ್ಪ ಇಲ್ಲಿ ಸೈಟು ತಗೊಂಡರು, ಅಂಗಡಿ ಇಟ್ಟರು, ನಮ್ಮನ್ನು ಓದಿಸಿದರು. ಅಪ್ಪನ ಆಸೆ ತಪ್ಪು ಅಂತ ನಾನು ಹೇಳಲಾರೆ, ನಾನು ಇವತ್ತು ಏನಾಗಿದ್ದೇನೋ ಅದೆಲ್ಲ ಅದರಿಂದಲೇ ಬಂದದ್ದು. ಆದರೆ ಹೆಬ್ಬೆಟ್ಟು ಒತ್ತಿದವಳು ಅಜ್ಜಿ. ಆ ಹೊಲದ ಬದುವಿನಲ್ಲಿದ್ದ ಹುಣಸೆಮರದ ಲೆಕ್ಕವನ್ನು ಅವಳು ಈಗಲೂ ಇಡುತ್ತಾಳೆ, ಈ ವರ್ಷ ಕಾಯಿ ಜಾಸ್ತಿ ಬಂದಿರಬೇಕು ಅಂತಾಳೆ.

ಇನ್ನು ಕೆಲವೇ ಪುಟ ಉಳಿದಿದ್ದಾಗ ಅಜ್ಜಿ ಕೈ ಅಡ್ಡ ಇಟ್ಟಳು. 'ಇಲ್ಲಿಗೆ ಸಾಕು.' ಮುಂದೇನಾಗುತ್ತೆ ಅಂತ ಅವಳಿಗೆ ಗೊತ್ತು, ಪುಸ್ತಕದ ಹೆಸರಲ್ಲೇ ಇದೆಯಲ್ವಾ. ಉಳಿದದ್ದನ್ನು ನಾನೊಬ್ಬಳೇ ಅಡುಗೆಮನೆಯಲ್ಲಿ ಕೂತು ಓದಿದೆ, ಸದ್ದಿಲ್ಲದೆ.

ನಿನ್ನೆ ಅಜ್ಜಿ ಕೇಳಿದಳು, 'ಆ ಹುಡುಗನಿಗೆ ಪಟ್ಟ ಕಟ್ಟೋದು ಇನ್ನೊಂದು ಸಲ ಓದ್ತೀಯಾ?' ಇವತ್ತು ರಾತ್ರಿ ಮತ್ತೆ ಮೊದಲನೇ ಪುಟದಿಂದ.