ಮುಳುಗುವ ಮನೆಗಳನ್ನು ಸರ್ಕಾರ ಕೊಳ್ಳುವುದಾದರೆ, ಬೇಗ ಕೊಳ್ಳಲಿ

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಆಡಳಿತ ಘಟಕ) 1985ರಿಂದಲೂ ಒಂದು ಕೆಲಸವನ್ನು ಹೆಚ್ಚು ಸದ್ದಿಲ್ಲದೆ ಮಾಡಿಕೊಂಡು ಬಂದಿದೆ. ಬಯೂ ಎಂದು ಇಲ್ಲಿನವರು ಕರೆಯುವ, ನಿಧಾನವಾಗಿ ಹರಿಯುವ ಹಳ್ಳಗಳ ದಡದಲ್ಲಿ ಪದೇ ಪದೇ ಮುಳುಗುವ ಮನೆಗಳನ್ನು ಮಾಲೀಕರಿಂದ ಕ್ರಯಕ್ಕೆ ಪಡೆದು, ಕೆಡವಿ, ಆ ನಿವೇಶನವನ್ನು ನೀರು ಹರಡಿಕೊಳ್ಳುವ ಬಯಲಾಗಿ ಉಳಿಸುವುದು ಆ ಕೆಲಸ. ಹೀಗೆ ಕೊಂಡ ಆಸ್ತಿಗಳ ಸಂಖ್ಯೆ ಮೂರು ಸಾವಿರವನ್ನು ದಾಟಿದೆ. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತದ ಮಳೆಗೆ ಇದೇ ಕೌಂಟಿಯಲ್ಲಿ ನೀರು ನುಗ್ಗಿದ್ದು ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ. ಈ ಎರಡು ಅಂಕಿಗಳನ್ನು ನೋಡಿದವರು ಯೋಜನೆ ತೀರಾ ಚಿಕ್ಕದು ಎಂದು ತೀರ್ಮಾನಿಸುತ್ತಾರೆ. ಚಿಕ್ಕದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದರ ನಿಜವಾದ ದೋಷ ಗಾತ್ರದ್ದಲ್ಲ, ವಿಳಂಬದ್ದು ಎಂಬುದು ನನ್ನ ಅಭಿಪ್ರಾಯ.

ತೆರಿಗೆಯ ಹಣದಲ್ಲಿ ಖಾಸಗಿಯವರ ಮನೆಯನ್ನು ಏಕೆ ಕೊಳ್ಳಬೇಕು ಎಂಬ ಪ್ರಶ್ನೆ ಸಹಜವಾದದ್ದು. ಅದಕ್ಕೆ ಉತ್ತರ ಅಮೆರಿಕದ ನೆರೆ ವಿಮೆಯ ಲೆಕ್ಕಪತ್ರದಲ್ಲಿದೆ. 1968ರಲ್ಲಿ ಆರಂಭವಾದ ರಾಷ್ಟ್ರೀಯ ನೆರೆ ವಿಮಾ ಯೋಜನೆಯಲ್ಲಿ ಮತ್ತೆ ಮತ್ತೆ ಮುಳುಗುವ ಮನೆಗಳು ಒಟ್ಟು ಪಾಲಿಸಿಗಳಲ್ಲಿ ಬಹು ಸಣ್ಣ ಪಾಲಾದರೂ, ಪಾವತಿಯಾದ ಪರಿಹಾರದಲ್ಲಿ ಬಹು ದೊಡ್ಡ ಪಾಲನ್ನು ಪಡೆದಿವೆ. ಒಂದೇ ಮನೆಯ ಗೋಡೆಗಳನ್ನು, ನೆಲಹಾಸನ್ನು, ಅಡುಗೆಮನೆಯ ಕಪಾಟುಗಳನ್ನು ನಾಲ್ಕೈದು ಸಲ ಹೊಸದಾಗಿ ಮಾಡಿಸಲು ಹಣ ಕೊಟ್ಟ ಮೇಲೂ ಆ ಮನೆ ಇದ್ದಲ್ಲೇ ಇರುತ್ತದೆ, ಹಳ್ಳವೂ ಇದ್ದಲ್ಲೇ ಇರುತ್ತದೆ. 2017ರಲ್ಲಿ ಅಮೆರಿಕದ ಸಂಸತ್ತು ಈ ಯೋಜನೆಯ ಸಾಲದಲ್ಲಿ 1600 ಕೋಟಿ ಡಾಲರ್ ಮನ್ನಾ ಮಾಡಬೇಕಾಯಿತು. ಆ ಹೊರೆಯೂ ತೆರಿಗೆದಾರರದ್ದೇ. ಆದ್ದರಿಂದ ಖರೀದಿಯ ಖರ್ಚನ್ನು ಹೋಲಿಸಬೇಕಾದದ್ದು ಏನೂ ಖರ್ಚು ಮಾಡದಿರುವುದರ ಜೊತೆಗಲ್ಲ, ಇದೇ ಮನೆಯ ಮುಂದಿನ ಮೂರು ನಾಲ್ಕು ದುರಸ್ತಿಗಳ ಜೊತೆಗೆ.

ಹಣ ಬರುವ ದಾರಿಯನ್ನು ಗಮನಿಸಿದರೆ ವಿಳಂಬದ ಮೂಲ ತಿಳಿಯುತ್ತದೆ. 1993ರಲ್ಲಿ ಮಿಸಿಸಿಪಿ ಮತ್ತು ಮಿಸೌರಿ ನದಿಗಳ ಮಹಾಪೂರದ ನಂತರ ಕಾನೂನಿಗೆ ತಿದ್ದುಪಡಿಯಾಗಿ, ಇಂತಹ ಖರೀದಿಯ ವೆಚ್ಚದಲ್ಲಿ ಶೇಕಡಾ 75ರವರೆಗೆ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ ಭರಿಸುವ ವ್ಯವಸ್ಥೆ ಬಂತು. ಉಳಿದದ್ದನ್ನು ರಾಜ್ಯ ಅಥವಾ ಸ್ಥಳೀಯ ಆಡಳಿತ ಹೊಂದಿಸಬೇಕು. ಮನೆಯ ಮಾಲೀಕ ನೇರವಾಗಿ ಫೆಮಾಗೆ ಅರ್ಜಿ ಹಾಕುವಂತಿಲ್ಲ. ಆತ ಕೌಂಟಿಗೆ ಒಪ್ಪಿಗೆ ಕೊಡಬೇಕು, ಕೌಂಟಿ ಪಟ್ಟಿ ಮಾಡಿ ರಾಜ್ಯಕ್ಕೆ ಕಳುಹಿಸಬೇಕು, ರಾಜ್ಯ ಅದನ್ನು ಫೆಮಾಗೆ ದಾಟಿಸಬೇಕು, ಅಲ್ಲಿ ಲಾಭ ಮತ್ತು ವೆಚ್ಚದ ಪರಿಶೀಲನೆ ಮುಗಿದು ಮಂಜೂರಾತಿ ಬಂದ ಮೇಲೆಯೇ ಕ್ರಯಪತ್ರದ ಮಾತು. ನೆರೆ ಇಳಿದ ದಿನದಿಂದ ಖರೀದಿ ಪೂರ್ಣಗೊಳ್ಳುವವರೆಗೆ ಐದು ವರ್ಷಗಳಿಗೂ ಹೆಚ್ಚು ಹಿಡಿಯುವುದು ಸಾಮಾನ್ಯವೆಂದು ಅಮೆರಿಕದ ಪರಿಸರ ಸಂಘಟನೆಯೊಂದು 2019ರಲ್ಲಿ ಲೆಕ್ಕ ಹಾಕಿ ತೋರಿಸಿತು. ತಮಾಷೆಯೆಂದರೆ, ಕ್ರಯವಾದ ಮೇಲೆ 90 ದಿನಗಳೊಳಗೆ ಮನೆಯನ್ನು ಕೆಡವಲೇಬೇಕೆಂಬ ನಿಯಮವಿದೆ. ಅವಸರವೆಲ್ಲ ಕೆಡವುವುದಕ್ಕೆ ಮಾತ್ರ.

ಆ ಐದು ವರ್ಷ ಒಂದು ಕುಟುಂಬ ಎಲ್ಲಿರಬೇಕು? ಸಾಲದ ಕಂತು ನಿಲ್ಲುವುದಿಲ್ಲ. ಬಾಡಿಗೆ ಮನೆಗೆ ಹೋದರೆ ಅದರ ಹಣವನ್ನೂ ತೆರಬೇಕು. ಕೈಯಲ್ಲಿ ಕಾಸಿದ್ದವರು ಮನೆಯನ್ನು ರಿಪೇರಿ ಮಾಡಿಸಿ ಮತ್ತೆ ಅಲ್ಲೇ ವಾಸಕ್ಕೆ ಹೋಗುತ್ತಾರೆ, ಹೋದ ಮೇಲೆ ಬಿಡುವ ಮನಸ್ಸಾಗುವುದಿಲ್ಲ. ಇಲ್ಲದವರು ಹೂಡಿಕೆದಾರರಿಗೆ ಅಗ್ಗದ ಬೆಲೆಗೆ ಮಾರಿ ಹೊರಡುತ್ತಾರೆ. ಆ ಹೂಡಿಕೆದಾರ ಬಣ್ಣ ಬಳಿಸಿ ಅದನ್ನೇ ಬಾಡಿಗೆಗೆ ಕೊಡುತ್ತಾನೆ ಅಥವಾ ಹೊಸಬರಿಗೆ ಮಾರುತ್ತಾನೆ. ಹಿಂದಿನ ನೆರೆಯ ವಿವರವನ್ನು ಮಾರುವವರು ತಿಳಿಸಲೇಬೇಕೆಂದು ಟೆಕ್ಸಸ್ ತನ್ನ ಕಾನೂನನ್ನು ಬಿಗಿ ಮಾಡಿದ್ದು ಹಾರ್ವೆ ಆಗಿ ಎರಡು ವರ್ಷಗಳಾದ ಮೇಲೆ, 2019ರಲ್ಲಿ. ಹೀಗೆ ಮಂಜೂರಾತಿ ಬರುವ ಹೊತ್ತಿಗೆ ಒಂದು ಬೀದಿಯಲ್ಲಿ ಮೂರು ಮನೆ ಮಾರಲು ಸಿದ್ಧ, ಏಳು ಮನೆ ಸಿದ್ಧವಿಲ್ಲ ಎಂಬ ಸ್ಥಿತಿ ಬರುತ್ತದೆ. ಕೊಂಡ ನಿವೇಶನಗಳು ಅಲ್ಲೊಂದು ಇಲ್ಲೊಂದು ಖಾಲಿ ಬೀಳುತ್ತವೆ. ಉಳಿದ ಏಳು ಮನೆಗಳಿಗಾಗಿ ರಸ್ತೆ, ಕೊಳಾಯಿ, ಚರಂಡಿ, ದೀಪ ಎಲ್ಲವನ್ನೂ ನಡೆಸಬೇಕು, ಖಾಲಿ ಜಾಗದ ಹುಲ್ಲನ್ನೂ ಕೌಂಟಿಯೇ ಕತ್ತರಿಸಬೇಕು, ಅದರಿಂದ ಬರುತ್ತಿದ್ದ ಆಸ್ತಿ ತೆರಿಗೆಯಂತೂ ಇಲ್ಲ. ನೀರು ಹರಡಿಕೊಳ್ಳಲು ಒಂದೇ ಕಡೆ ವಿಶಾಲವಾದ ಬಯಲು ಬೇಕು, ಚದುರಿದ ತುಣುಕುಗಳಿಂದ ಆ ಪ್ರಯೋಜನ ಸಿಗುವುದಿಲ್ಲ.

ಇಡೀ ನೆರೆಹೊರೆ ಒಟ್ಟಿಗೆ ಹೊರಟ ಉದಾಹರಣೆಯೂ ಇದೆ. 2012ರ ಸ್ಯಾಂಡಿ ಚಂಡಮಾರುತದ ನಂತರ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್‌ನ ಓಕ್‌ವುಡ್ ಬೀಚ್ ನಿವಾಸಿಗಳು ತಾವೇ ಸಂಘಟಿತರಾಗಿ ಮನೆಗಳನ್ನು ಕೊಳ್ಳುವಂತೆ ಸರ್ಕಾರವನ್ನು ಒತ್ತಾಯಿಸಿದರು. ರಾಜ್ಯಪಾಲ ಆಂಡ್ರ್ಯೂ ಕುವೊಮೊ 2013ರ ಆರಂಭದಲ್ಲಿ ಯೋಜನೆಯನ್ನು ಘೋಷಿಸಿ, ಚಂಡಮಾರುತಕ್ಕೆ ಮುಂಚಿನ ಬೆಲೆಯನ್ನೇ ಕೊಟ್ಟರು. ಅತಿ ಅಪಾಯದ ಪ್ರದೇಶದ ಮನೆಗಳಿಗೆ ಅದರ ಮೇಲೆ ಶೇಕಡಾ 10, ಅದೇ ಕೌಂಟಿಯೊಳಗೆ ಬೇರೆಡೆ ನೆಲೆಸುವವರಿಗೆ ಇನ್ನೂ ಶೇಕಡಾ 5 ಸೇರಿಸಿದರು. ಜನರ ಒಗ್ಗಟ್ಟಿಗೆ ಇದರಲ್ಲಿ ದೊಡ್ಡ ಪಾಲಿದೆಯಾದರೂ, ಗಾಯ ಹಸಿಯಾಗಿರುವಾಗಲೇ ಖಚಿತವಾದ ಬೆಲೆ ಮುಂದೆ ಬಂದದ್ದನ್ನು ಮರೆಯಬಾರದು.

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಉತ್ತರ ಕ್ಯಾರೊಲಿನಾದ ಶಾರ್ಲೆಟ್ ನಗರ ಮತ್ತು ಅದರ ಮೆಕ್ಲೆನ್‌ಬರ್ಗ್ ಕೌಂಟಿಯ ಕ್ರಮ. ಅಲ್ಲಿ 1999ರಿಂದ ನಾನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಕೊಂಡಿದ್ದಾರೆ. ನಿವಾಸಿಗಳು ಕಟ್ಟುವ ಮಳೆನೀರಿನ ಶುಲ್ಕದಿಂದ ಒಂದು ನಿಧಿ ಸದಾ ಸಿದ್ಧವಿರುವುದರಿಂದ, ನೆರೆ ಬಂದ ಕೂಡಲೇ, ಮಾಲೀಕ ದುರಸ್ತಿಗೆ ಕೈಹಾಕುವ ಮೊದಲೇ, ಫೆಮಾದ ಉತ್ತರಕ್ಕೆ ಕಾಯದೆ ಕೌಂಟಿ ಖರೀದಿಯ ಪ್ರಸ್ತಾಪವನ್ನಿಡಬಲ್ಲದು. ಹ್ಯಾರಿಸ್ ಕೌಂಟಿಯ ಮತದಾರರೂ 2018ರಲ್ಲಿ ನೆರೆ ನಿಯಂತ್ರಣಕ್ಕೆಂದು 250 ಕೋಟಿ ಡಾಲರ್ ಬಾಂಡಿಗೆ ಒಪ್ಪಿಗೆ ಕೊಟ್ಟರು. ಬಾಂಡಿನ ಹಣ ಒಮ್ಮೆ ಖರ್ಚಾದರೆ ತೀರಿತು. ವರ್ಷವರ್ಷವೂ ತುಂಬುವ ಚಿಕ್ಕ ನಿಧಿಯೇ ಈ ಕೆಲಸಕ್ಕೆ ಹೆಚ್ಚು ಒದಗುತ್ತದೆ.

ಊರಿನ ನೆನಪೂ ಆಗದೇ ಇರುವುದಿಲ್ಲ. 2009ರ ನೆರೆಯ ನಂತರ ಉತ್ತರ ಕರ್ನಾಟಕದ ನದಿತೀರದ ಹಳ್ಳಿಗಳಿಗೆ ಆಸರೆ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಮನೆ ಕಟ್ಟಿಕೊಟ್ಟರೂ, ಹೊಲ ಮತ್ತು ದನದ ಕೊಟ್ಟಿಗೆ ಹಳೆಯ ಊರಲ್ಲೇ ಇದ್ದುದರಿಂದ ಅನೇಕ ಕುಟುಂಬಗಳು ಅಲ್ಲೇ ಉಳಿದವು. 2019ರಲ್ಲಿ ನೀರು ಮತ್ತೆ ಬಂತು. ಅಮೆರಿಕದಲ್ಲಿ ಹೊಸ ಮನೆ ಕಟ್ಟಿಕೊಡುವುದಿಲ್ಲ, ಹಳೆಯದನ್ನು ಕೊಳ್ಳುತ್ತಾರೆ. ಎರಡಕ್ಕೂ ಅದರದರ ತೊಡಕುಗಳಿವೆ.

ಇಲ್ಲಿ ಮನೆ ಕೊಂಡಿರುವ ಕನ್ನಡಿಗರು ತಿಳಿದಿರಬೇಕಾದ ಎರಡು ನಿಯಮಗಳಿವೆ. ಫೆಮಾ ಹಣದ ಖರೀದಿಯಲ್ಲಿ ನೆರೆಗೆ ಮುಂಚಿನ ಬೆಲೆಯನ್ನು ಪಡೆಯಲು ನೆರೆಯ ಸಮಯದಲ್ಲಿ ಆ ಮನೆ ನಿಮ್ಮದೇ ಆಗಿರಬೇಕು, ಜೊತೆಗೆ ನೀವು ಅಮೆರಿಕದ ಪೌರರೋ ಗ್ರೀನ್ ಕಾರ್ಡಿನಂತಹ ಸ್ಥಾನಮಾನ ಉಳ್ಳವರೋ ಆಗಿರಬೇಕು. ಎಚ್-1ಬಿ ವೀಸಾದಲ್ಲಿ ಇರುವವರು ಈ ಗುಂಪಿಗೆ ಸೇರುವುದಿಲ್ಲ. ಅವರಿಗೆ ಸಿಗುವುದು ನೆನೆದು ಹಾಳಾದ ಮನೆಯ ಈಗಿನ ಬೆಲೆ ಮಾತ್ರ. ಎರಡನೆಯದು, ದುರಸ್ತಿಗೆಂದು ವಿಮೆಯಿಂದ ಪಡೆದ ಹಣವನ್ನು ದುರಸ್ತಿಗೇ ಬಳಸಿದ್ದೀರೆಂದು ತೋರಿಸಲಾಗದಿದ್ದರೆ, ಅಷ್ಟು ಮೊತ್ತವನ್ನು ಕ್ರಯದ ಹಣದಿಂದ ಕಳೆಯುತ್ತಾರೆ. ಆದ್ದರಿಂದ ಬಡಗಿಯ ಮತ್ತು ಪ್ಲಂಬರ್‌ನ ಒಂದೊಂದು ರಸೀದಿಯನ್ನೂ ನೆಲಮಟ್ಟದ ಕಪಾಟಿನಲ್ಲಲ್ಲದೆ ಬೇರೆಲ್ಲಾದರೂ ಇಟ್ಟುಕೊಂಡಿರಿ.