ಕಡಲ ಹಸುವಿನ ಮೊಲೆಯಲ್ಲಿ ಹಾಲಿತ್ತು

ಸತ್ತ ಡ್ಯೂಗಾಂಗ್ ಒಂದು, ಅಂದರೆ ಕಡಲಹುಲ್ಲು ಮೇಯುವ ಕಡಲ ಹಸು, ದಡಕ್ಕೆ ಬಂದಿದೆ ಎಂದು ಮೀನುಗಾರರೇ ಫೋನ್ ಮಾಡಿದ್ದರು. ತಂಜಾವೂರು ಜಿಲ್ಲೆಯ ಮನೋರಾ ಹತ್ತಿರ, ಪಾಕ್ ಕೊಲ್ಲಿಯ ತೀರ. ಪಶುವೈದ್ಯೆಯಾದ ನಾನು ಅರಣ್ಯ ಇಲಾಖೆಯವರ ಜೊತೆ ಮರಣೋತ್ತರ ಪರೀಕ್ಷೆಗೆ ಹೋದೆ. ನಮ್ಮೂರಿನ ದನಕರುಗಳ ಮೈ ಗೊತ್ತು. ಕಡಲ ಹಸುವನ್ನು ಮುಟ್ಟಿದ್ದು ಅದೇ ಮೊದಲು.

ಹೆಣ್ಣು. ಬಾಯಲ್ಲಿ ಇನ್ನೂ ನುಂಗದ ಕಡಲಹುಲ್ಲು. ಮೈಮೇಲೆ ಬಲೆ ಬಿಗಿದ ಗೆರೆಗಳು. ಡ್ಯೂಗಾಂಗ್ ಮೀನಲ್ಲ, ಕೆಲವೇ ನಿಮಿಷಕ್ಕೊಮ್ಮೆ ಮೇಲೆ ಬಂದು ಉಸಿರಾಡಲೇಬೇಕು. ಬಲೆಗೆ ಸಿಕ್ಕರೆ ನೀರಲ್ಲೇ ಉಸಿರುಕಟ್ಟಿ ಸಾಯುತ್ತದೆ. ಕರುಳು ಬಿಚ್ಚುತ್ತಾ ಹೋದರೆ ಮುಗಿಯುತ್ತಲೇ ಇರಲಿಲ್ಲ. ದಿನಕ್ಕೆ 30-40 ಕಿಲೋ ಹುಲ್ಲು ಅರಗಬೇಕಲ್ವಾ! ಡಿಎನ್‌ಎ ಪರೀಕ್ಷೆಗೆ ಚರ್ಮದ ಚೂರು ತೆಗೆದಿಟ್ಟೆವು. ವಯಸ್ಸು ತಿಳಿಯಲು ದವಡೆಯೊಳಗಿನ ದಂತವನ್ನೂ ತೆಗೆದೆವು. ಅದನ್ನು ಸೀಳಿದರೆ ಮರದ ಉಂಗುರಗಳ ಹಾಗೆ ಪದರಗಳು ಕಾಣುತ್ತವೆ.

ಈ ಪ್ರಾಣಿಯ ಮೊಲೆ ಕಂಕುಳಲ್ಲಿರುತ್ತದೆ, ಮುಂದಿನ ಈಜುಗೈಯ ಬುಡದಲ್ಲಿ. ಮೆಲ್ಲಗೆ ಒತ್ತಿದೆ. ಹಾಲು ಬಂತು.

ಅಂದರೆ ಮರಿ ಎಲ್ಲೋ ಇದೆ. ಹುಟ್ಟಿದ ಕೆಲವೇ ವಾರಗಳಲ್ಲಿ ಹುಲ್ಲು ಕಚ್ಚಲು ಕಲಿತರೂ, ಸುಮಾರು ಒಂದೂವರೆ ವರ್ಷ ಅದಕ್ಕೆ ತಾಯಿಯ ಹಾಲು ಬೇಕು. ತಾಯಿ ಹೊರುವುದೇ 13-14 ತಿಂಗಳು, ಹೆರುವುದು ಒಂದೇ ಮರಿ. ಮತ್ತೆ ಹೆರಲು ಮೂರರಿಂದ ಏಳು ವರ್ಷ. ಇಷ್ಟು ನಿಧಾನವಾಗಿ ಬೆಳೆಯುವ ಸಂತತಿಯಲ್ಲಿ ಒಂದು ತಾಯಿ ಹೋದರೆ ತುಂಬಿಕೊಳ್ಳುವುದು ಸುಲಭವಲ್ಲ. ಅಲ್ಲಿದ್ದ ಮೀನುಗಾರರು ಯಾರೂ ಹೇಳದೆಯೇ ಎರಡು ದೋಣಿ ಇಳಿಸಿದರು. ಸಂಜೆವರೆಗೆ ಹುಡುಕಿದರು. ಮರಿ ಸಿಗಲಿಲ್ಲ.

2022ರಲ್ಲಿ ಇಲ್ಲಿನ 448 ಚದರ ಕಿಲೋಮೀಟರ್ ಕಡಲನ್ನು ದೇಶದ ಮೊದಲ ಡ್ಯೂಗಾಂಗ್ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ತುಂಬಾ ಒಳ್ಳೆಯದಾಯಿತು. ಆದರೆ ನಡುನೀರಿನಲ್ಲಿ ಬಲೆ ಅಲುಗಿದಾಗ ಅಲ್ಲಿರುವುದು ಮೀನುಗಾರ ಒಬ್ಬನೇ. ಜೀವ ಉಳಿಯುವುದು, ಹೋಗುವುದು ಅವನ ಚಾಕುವಿನಲ್ಲಿದೆ.

ದೋಣಿಯಿಂದ ಇಳಿದ ಹಿರಿಯರೊಬ್ಬರು ಹಿಂದೆ ಬಲೆ ಕತ್ತರಿಸಿ ಒಂದನ್ನು ಬಿಟ್ಟಿದ್ದರಂತೆ. ನನ್ನ ಹರುಕುಮುರುಕು ತಮಿಳಿನಲ್ಲೇ ಕೇಳಿದೆ, "ಬಲೆ ಕತ್ತರಿಸಿದ್ದಕ್ಕೆ ದುಡ್ಡು ಬಂತಾ ಅಣ್ಣಾ?"

"ಬಹುಮಾನ ಬಂತಮ್ಮಾ. ಬಲೆ ಹೆಣೆಯೋವರೆಗೂ ಮನೇಲಿ ಕೂತೆವಲ್ಲ, ಆ ದಿನಗಳ ಗಳಿಕೆ?"

ನನಗೆ ಈ ಮಾತು ಪೂರ್ತಿ ನ್ಯಾಯ ಅನ್ನಿಸಿತು. ಡಿಎನ್‌ಎ, ದಂತ ಎಲ್ಲವೂ ಬೇಕು, ಅದು ನನ್ನ ಕೆಲಸ. ಆದರೆ ಸತ್ತ ಮೇಲೆ ಬರುವವಳು ನಾನು. ಆ ರಾತ್ರಿ ವರದಿ ಬರೆಯುವಾಗ, ಬಲೆ ಕತ್ತರಿಸಿದವರಿಗೆ ಹೊಸ ಬಲೆಯ ಬೆಲೆ ಮತ್ತು ಕೆಲಸ ನಿಂತ ದಿನಗಳ ಗಳಿಕೆ ಎರಡೂ ಅದೇ ವಾರ ಕೈಸೇರಬೇಕು ಎಂದು ಕೊನೆಯಲ್ಲಿ ಸೇರಿಸಿ ಸಹಿ ಹಾಕಿದೆ.